‘ಇನ್‌ಫರ್ಮೇಶನ್ಸ್’ ಎಂದು ಬರೆಯುವುದು ಏಕೆ ತಪ್ಪು?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ನಾನು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಈಗ ಕಚೇರಿಯ ಇಂಗ್ಲಿಷ್ ಪತ್ರಗಳನ್ನು ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಮೊನ್ನೆ ನಾನು ಬರೆದಿದ್ದ ‘ಇನ್‌ಫರ್ಮೇಶನ್ಸ್’, ‘ಅಡ್ವೈಸಸ್’, ‘ಫರ್ನಿಚರ್ಸ್’ ಎಂಬ ಪದಗಳ ಬಹುವಚನವನ್ನು ಮೇಲಧಿಕಾರಿಗಳು ಹೊಡೆದುಹಾಕಿದರು, ಆದರೆ ಕಾರಣ ತಿಳಿಸಲಿಲ್ಲ. ಮಾಹಿತಿಗಳು, ಸಲಹೆಗಳು, ಪೀಠೋಪಕರಣಗಳು ಎಂದು ನಾವು ಧಾರಾಳವಾಗಿ ಹೇಳುತ್ತೇವೆ. ಕುರ್ಚಿ, ಮೇಜುಗಳು ಎಣಿಸಲು ಕಣ್ಣೆದುರಿಗೇ ಇರುವಾಗ ‘ಫರ್ನಿಚರ್’ ಎಣಿಸಲಾಗದ ನಾಮಪದವಾದದ್ದು ಹೇಗೆ? ದಯವಿಟ್ಟು ತಿಳಿದವರು ವಿವರಿಸಬೇಕು.

ಉತ್ತರ 1:
ನಿಮ್ಮ ಪ್ರಶ್ನೆಗೆ ಉತ್ತರ ನಮ್ಮ ಅಡುಗೆಮನೆಯಲ್ಲಿಯೇ ಇದೆ. ಅಕ್ಕಿಯನ್ನು ಮೊರದಲ್ಲಿ ಹರವಿ ಒಂದೊಂದೇ ಕಾಳನ್ನು ಆರಿಸಬಹುದಾದರೂ ಅಂಗಡಿಯಲ್ಲಿ ‘ಮೂರು ಅಕ್ಕಿ ಕೊಡಿ’ ಎಂದು ಯಾರೂ ಕೇಳುವುದಿಲ್ಲ. ಮೂರು ಕಿಲೋ ಅಕ್ಕಿ ಎಂದೇ ಕೇಳುತ್ತೇವೆ. ಎಣಿಕೆಗೆ ಒಗ್ಗುವುದು, ಒಗ್ಗದಿರುವುದು ಪದದ ಗುಣವೇ ಹೊರತು ವಸ್ತುವಿನದಲ್ಲ. ಇಂಗ್ಲಿಷಿನಲ್ಲಿಯೂ ‘ರೈಸ್’ ಎಣಿಕೆಗೆ ಸಿಗದು, ಆದರೆ ಅದರಷ್ಟೇ ಸಣ್ಣ ಬೇಳೆಕಾಳಾದ ‘ಲೆಂಟಿಲ್ಸ್’ ಬಹುವಚನದಲ್ಲಿ ಬರುತ್ತದೆ. ‘ಫರ್ನಿಚರ್’, ‘ಲಗೇಜ್’, ‘ಇನ್‌ಫರ್ಮೇಶನ್’, ‘ಅಡ್ವೈಸ್’ ಇವೆಲ್ಲ ‘ರೈಸ್’ ಪಂಕ್ತಿಯವು. ಆದ್ದರಿಂದ ಇವುಗಳ ಹಿಂದೆ ‘ಎ’, ‘ಆ್ಯನ್’ ಕೂಡ ಬರುವುದಿಲ್ಲ. ‘ಮೆನಿ’ ಬದಲು ‘ಮಚ್’ ಬರುತ್ತದೆ. ಎಣಿಸಲೇಬೇಕಾದಾಗ ‘ಟೂ ಪೀಸಸ್ ಆಫ್ ಫರ್ನಿಚರ್’ ಎಂದು ಅಳತೆಯ ಮಾತನ್ನು ಸೇರಿಸಬೇಕು. ಕಲಿಯುವವರಿಗಾಗಿ ರಚಿಸಿದ ಇಂಗ್ಲಿಷ್ ನಿಘಂಟುಗಳಲ್ಲಿ ಎಣಿಸಬಹುದಾದ ನಾಮಪದಕ್ಕೆ ‘ಸಿ’, ಎಣಿಸಲಾಗದ್ದಕ್ಕೆ ‘ಯು’ ಎಂಬ ಗುರುತು ಇರುತ್ತದೆ. ಪತ್ರ ಬರೆಯುವಾಗ ಅಂಥದೊಂದನ್ನು ಬಳಿಯಲ್ಲಿ ಇಟ್ಟುಕೊಳ್ಳಿ.

ಉತ್ತರ 2:
ಮೇಲಿನ ವಿವರಣೆಗೆ ಒಂದು ಸೇರ್ಪಡೆ. ಒಂದೇ ಪದ ಎರಡೂ ಪಂಕ್ತಿಗಳಲ್ಲಿ ಕುಳಿತುಕೊಳ್ಳುವುದುಂಟು. ‘ಟೆನ್ ಇಯರ್ಸ್ ಆಫ್ ಎಕ್ಸ್‌ಪೀರಿಯನ್ಸ್’ ಎಂದರೆ ಹತ್ತು ವರ್ಷಗಳ ಅನುಭವ, ಅದಕ್ಕೆ ಬಹುವಚನ ಬೇಡ. ಆದರೆ ಪ್ರವಾಸದಲ್ಲಿ ನಡೆದ ಬೇರೆ ಬೇರೆ ಪ್ರಸಂಗಗಳನ್ನು ‘ಎಕ್ಸ್‌ಪೀರಿಯನ್ಸಸ್’ ಎನ್ನುವುದು ಸರಿ. ‘ಅಡ್ವೈಸ್’ ವಿಷಯದಲ್ಲಿ ಇನ್ನೊಂದು ಎಚ್ಚರಿಕೆಯೂ ಬೇಕು. ನಾಮಪದದ ಕಾಗುಣಿತದಲ್ಲಿ ‘ಸಿ’, ಕ್ರಿಯಾಪದದಲ್ಲಿ ‘ಎಸ್’ ಬರುತ್ತದೆ, ಮತ್ತು ಕ್ರಿಯಾಪದದ ಉಚ್ಚಾರ ‘ಅಡ್ವೈಜ಼್’. ಈ ‘ಜ಼’ ಧ್ವನಿ ನಮ್ಮ ವರ್ಣಮಾಲೆಯಲ್ಲಿ ಇಲ್ಲದ ಕಾರಣ ಎರಡೂ ನಮ್ಮ ಕಿವಿಗೆ ಒಂದೇ ಆಗಿ ಕೇಳಿಸುತ್ತವೆ, ಬರೆಯುವಾಗ ಕೈ ತಪ್ಪುತ್ತದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ‘ಡಿಸ್ಕಸ್ ಅಬೌಟ್’ ಎಂದು ಬರೆದಲ್ಲಿಯೂ ‘ಅಬೌಟ್’ ಹೊಡೆದುಹಾಕಿದ್ದಾರೆ. ಅದೂ ಇದೇ ಜಾತಿಯ ತಪ್ಪೇ?

ಉತ್ತರ 3:
ಅಲ್ಲ, ಅದು ನಾಮಪದ ಮತ್ತು ಕ್ರಿಯಾಪದಗಳು ಬೆರೆತುಹೋದದ್ದು. ‘ಬಜೆಟ್ಟಿನ ಬಗ್ಗೆ ಚರ್ಚಿಸಿದೆವು’ ಎಂಬ ನಮ್ಮ ವಾಕ್ಯದ ‘ಬಗ್ಗೆ’ ಅಲ್ಲಿ ‘ಅಬೌಟ್’ ಆಗಿ ನುಸುಳಿದೆ. ‘ಡಿಸ್ಕಸ್’ ಕ್ರಿಯಾಪದವು ತನ್ನ ಕರ್ಮಪದವನ್ನು ನೇರವಾಗಿ ಹಿಡಿಯುತ್ತದೆ: ‘ವಿ ಡಿಸ್ಕಸ್ಡ್ ದ ಬಜೆಟ್’. ನಾಮಪದವಾದ ‘ಡಿಸ್ಕಷನ್’ ಬಳಸಿದರೆ ಮಾತ್ರ ‘ಅಬೌಟ್’ ಇರಲಿ. ರಜೆಯ ಅರ್ಜಿಗಳಲ್ಲಿಯೂ ಹೀಗೆಯೇ: ‘ಎ ರಿಕ್ವೆಸ್ಟ್ ಫಾರ್ ಲೀವ್’ ಸರಿ, ‘ಐ ರಿಕ್ವೆಸ್ಟೆಡ್ ಫಾರ್ ಲೀವ್’ ತಪ್ಪು.