ಕಾಲುವೆ ಆಚೆಯ ಶೆಡ್‌ಗಳು: ನಮ್ಮ ಸಂಘದ ಪತ್ರವನ್ನು ವಾಪಸ್ ತಗೊಳ್ಳೋಣ

ಮನೆ 38, 2ನೇ ಕ್ರಾಸ್ · ಗುರುವಾರ ಬೆಳಗ್ಗೆ 7:50
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ, ದಯವಿಟ್ಟು ಕೊನೆಯವರೆಗೆ ಓದಿ. ನಿನ್ನೆ ಹಾಲು ತರಲು ಹೋದಾಗ ಕಾಲುವೆ ಆಚೆಗಿನ ಶೆಡ್‌ಗಳ ತಗಡಿನ ಮೇಲೆ ಕೆಂಪು ಬಣ್ಣದಲ್ಲಿ ನಂಬರ್ ಬರೆದಿರುವುದು ಕಾಣಿಸಿತು. 1ರಿಂದ 64ರವರೆಗೆ ಇದೆ. ನಮ್ಮ ಮನೆಗೆ ಕೆಲಸಕ್ಕೆ ಬರುವ ಅಕ್ಕನ ಶೆಡ್ಡು 41. ಬಣ್ಣ ಇನ್ನೂ ಆರಿರಲಿಲ್ಲ, ಅವರು ಬಾಗಿಲು ತೆಗೆಯುವಾಗ ಸೆರಗಿಗೆ ಮೆತ್ತಿಕೊಂಡಿತು. ಯಾರು ಬರೆದದ್ದು ಅಂತ ಕೇಳಿದೆ. ಮೂರು ಜನ ಬಂದಿದ್ದರಂತೆ. ಸೋಮವಾರದೊಳಗೆ ಸಾಮಾನು ತೆಗೆದುಬಿಡಿ, ಜೆಸಿಬಿ ಬರುತ್ತದೆ ಅಂದರಂತೆ. ಕೈಗೆ ಕಾಗದ ಏನೂ ಕೊಟ್ಟಿಲ್ಲ. ಕೇಳಿದ್ದಕ್ಕೆ "ಲೇಔಟಿನವರೇ ಬರೆದುಕೊಟ್ಟಿದ್ದಾರೆ, ಅವರನ್ನೇ ಹೋಗಿ ಕೇಳಿ" ಅಂದು ಹೊರಟುಹೋದರಂತೆ.

ಆ ಪತ್ರ ಯಾವುದು ಅಂತ ನಿನ್ನೆ ಸಂಜೆ ಹುಡುಕಿ ಓದಿದೆ. ನಮ್ಮ ಸಂಘದ ಲೆಟರ್‌ಹೆಡ್‌ನಲ್ಲೇ ಇದೆ. ಮೊದಲ ಮೂರು ಸಾಲು ಸರಿಯಾಗಿದೆ: ಹೂಳು ತೆಗೆಯಬೇಕು, ಕಸ ಸುಡುವುದು ನಿಲ್ಲಿಸಬೇಕು, ಬೀದಿದೀಪ ಬೇಕು. ನಾಲ್ಕನೇ ಸಾಲಿನಲ್ಲಿ "ಇಲ್ಲಿ ಅಕ್ರಮ ಬಾಂಗ್ಲಾದೇಶಿಗಳು ನೆಲೆಸಿದ್ದು ಬಡಾವಣೆಯ ಸುರಕ್ಷತೆಗೆ ಅಪಾಯವಿದೆ" ಅಂತ ಬರೆದಿದೆ. ಅದರ ಹಿಂದೆ 112 ಜನರ ಸಹಿ. ಅದರಲ್ಲಿ ನನ್ನದೂ ಇದೆ. ಹೂಳು ತೆಗೆಸುವ ಸಭೆಗೆ ಹೋದಾಗ ಹಾಜರಿ ಪುಸ್ತಕದಲ್ಲಿ ಹಾಕಿದ ಸಹಿ ಅದು. ನಾಲ್ಕನೇ ಸಾಲಿಗೆ ನಾನು ಸಹಿ ಹಾಕಿಲ್ಲ. ನಿಮ್ಮಲ್ಲಿ ಎಷ್ಟು ಜನ ಹಾಕಿದ್ದೀರಿ?

ಶೆಡ್ 41ರ ಅಕ್ಕ ಯಾದಗಿರಿ ಕಡೆಯವರು. "ಅಕ್ಕಾರ, ನಾವೂ ಕನ್ನಡದವ್ರೇ ಅದೀವ್ರೀ, ಹಂಗ್ಯಾಕ ಬರದಾರ್ರೀ?" ಅಂತ ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ಆ ಪತ್ರವನ್ನು ವಾಪಸ್ ತಗೊಂಡು ಬೇರೆ ಪತ್ರ ಕೊಡೋಣ ಅನ್ನುವುದು ನನ್ನ ಕೋರಿಕೆ. ಸೋಮವಾರಕ್ಕೆ ಮುಂಚೆ.

ಮನೆ 12, 1ನೇ ಕ್ರಾಸ್ · 8:15
ಮೇಡಂ, ನಿಮ್ಮ ಮಾತು ಅರ್ಥವಾಗುತ್ತದೆ, ಆದರೆ ನಮ್ಮ ಕಷ್ಟವನ್ನೂ ಕೇಳಿ. 2022ರ ಸೆಪ್ಟೆಂಬರ್ ಮಳೆಯಲ್ಲಿ ನಮ್ಮ ಮನೆಯ ನೀರಿನ ಸಂಪಿನೊಳಗೆ ಕಾಲುವೆ ನೀರು ನುಗ್ಗಿತ್ತು, ನಾಲ್ಕು ದಿನ ಟ್ಯಾಂಕರ್ ತರಿಸಿದೆವು. ರಾತ್ರಿ ಹೊತ್ತು ಅಲ್ಲಿ ವೈರ್ ಸುಡುತ್ತಾರೆ. ನಮ್ಮ ಅಮ್ಮನಿಗೆ ಅಸ್ತಮಾ, ಕಿಟಕಿ ತೆಗೆಯುವ ಹಾಗಿಲ್ಲ. ಅದು ಸರ್ಕಾರಿ ಜಾಗ. ಖಾಲಿ ಮಾಡಿಸಿದರೆ ತಪ್ಪೇನು? ಅವರು ಯಾವ ದೇಶದವರು ಅಂತ ನಮಗೆ ಹೇಗೆ ಗೊತ್ತಾಗಬೇಕು?

ಮನೆ 38, 2ನೇ ಕ್ರಾಸ್ · 8:22
ಅಮ್ಮನ ವಿಷಯ ನನಗೆ ಗೊತ್ತು. ಹೊಗೆ ನಿಲ್ಲಲೇಬೇಕು, ಅದಕ್ಕೆ ನಾನೂ ನಿಮ್ಮ ಜೊತೆ ಬರುತ್ತೇನೆ. ಆದರೆ ಯಾವ ದೇಶದವರು ಅಂತ ಗೊತ್ತಿಲ್ಲ ಅನ್ನುತ್ತೀರಲ್ಲ, ಗೊತ್ತಿಲ್ಲದ್ದನ್ನು ಗೊತ್ತಿದೆ ಅಂತ ಬರೆದುಕೊಟ್ಟಿದ್ದೇವಲ್ವಾ? ನನ್ನ ತಕರಾರು ಅಷ್ಟೇ. ಹೂಳಿನ ದೂರು ಹೂಳಿನ ದೂರಾಗಿಯೇ ಇರಲಿ.

ಮನೆ 55, ಮುಖ್ಯರಸ್ತೆ · 8:31
ಈ ವಿಡಿಯೋ ನೋಡಿ, ಆಮೇಲೆ ಮಾತಾಡಿ. ಎಲ್ಲಾ ಗುಂಪುಗಳಲ್ಲೂ ಬರುತ್ತಿದೆ.
(ಈ ಸಂದೇಶವನ್ನು ಅಡ್ಮಿನ್ ಅಳಿಸಿದ್ದಾರೆ)

ಅಡ್ಮಿನ್ · 8:34
55ನೇ ಮನೆಯವರೇ, ಬೇಜಾರು ಮಾಡಿಕೊಳ್ಳಬೇಡಿ. ವಿಡಿಯೋದಲ್ಲಿ ಮಕ್ಕಳ ಮುಖ ಕಾಣುತ್ತದೆ, ಶೆಡ್ ಒಳಗೆ ಹೋಗಿ ಹೆಂಗಸರನ್ನು ಕೇಳದೆ ತೆಗೆದಿದ್ದಾರೆ. ಎಲ್ಲಿಯದು, ಯಾವಾಗಿನದು ಅಂತಲೂ ಇಲ್ಲ. ಅದಕ್ಕೇ ತೆಗೆದೆ. ಬೇರೆಯವರೂ ಹಾಕಬೇಡಿ.

ಮನೆ 7, 1ನೇ ಕ್ರಾಸ್ · 9:05
ನಾನು ಈ ಬಡಾವಣೆಗೆ ಬಂದು 24 ವರ್ಷವಾಯಿತು, ಎರಡು ಮಾತು ಹೇಳುತ್ತೇನೆ. 2012ರ ಆಗಸ್ಟ್‌ನಲ್ಲಿ ನಮ್ಮ ಮೇಲಿನ ಮನೆಯಲ್ಲಿ ಅಸ್ಸಾಮಿನ ಇಬ್ಬರು ಹುಡುಗರು ಬಾಡಿಗೆಗಿದ್ದರು. ಒಬ್ಬ ಹೋಟೆಲಿನಲ್ಲಿ, ಇನ್ನೊಬ್ಬ ಸೆಕ್ಯೂರಿಟಿ ಕೆಲಸದಲ್ಲಿ. ರಂಜಾನ್ ಮುಗಿಯುವುದರೊಳಗೆ ಈಶಾನ್ಯ ರಾಜ್ಯಗಳವರನ್ನು ಹೊಡೆಯುತ್ತಾರೆ ಅಂತ ಮೊಬೈಲಿಗೆ ಮೆಸೇಜ್ ಬಂತು. ಯಾರು ಕಳಿಸಿದ್ದು ಅಂತ ಅವರಿಗೂ ಗೊತ್ತಿರಲಿಲ್ಲ. ಅಡ್ವಾನ್ಸ್ ದುಡ್ಡು ಕೂಡ ಕೇಳದೆ ಬ್ಯಾಗ್ ತಗೊಂಡು ಹೊರಟರು. ನಾನೇ ಬೆಂಗಳೂರು ಸ್ಟೇಷನ್ನಿಗೆ ಬಿಟ್ಟು ಬಂದೆ. ಪ್ಲಾಟ್‌ಫಾರಂನಲ್ಲಿ ಕಾಲಿಡಲು ಜಾಗ ಇರಲಿಲ್ಲ, ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಸರ್ಕಾರ ಒಟ್ಟೊಟ್ಟಿಗೆ ಎಸ್‌ಎಂಎಸ್ ಕಳಿಸುವುದನ್ನೇ 15 ದಿನ ನಿಲ್ಲಿಸಿತು. ಒಂದು ಮೆಸೇಜಿನಿಂದ ಇಷ್ಟಾಯಿತು.

ಇನ್ನೊಂದು 2020ರ ಜನವರಿಯದು. ನಮ್ಮ ಕಡೆಯದೇ, ಕರಿಯಮ್ಮನ ಅಗ್ರಹಾರ. ಅಲ್ಲೂ ಮೊದಲು ಒಂದು ವಿಡಿಯೋ ಓಡಾಡಿತು, ಇವರು ಬಾಂಗ್ಲಾದೇಶಿಗಳು ಅಂತ. ಒಂದೇ ವಾರದಲ್ಲಿ ಪೊಲೀಸರನ್ನು ನಿಲ್ಲಿಸಿಕೊಂಡು ಶೆಡ್‌ಗಳನ್ನು ಕೆಡವಿದರು. ಆಮೇಲೆ ಪತ್ರಿಕೆಯವರು ಹೋಗಿ ನೋಡಿದರೆ ಅಲ್ಲಿದ್ದವರಲ್ಲಿ ಉತ್ತರ ಕರ್ನಾಟಕದ ಕೂಲಿಯವರೇ ಎಷ್ಟೋ ಜನ, ಉಳಿದವರು ಅಸ್ಸಾಂ, ತ್ರಿಪುರ, ಬಂಗಾಳದವರು. ಆಧಾರ್, ವೋಟರ್ ಕಾರ್ಡ್ ಕೈಯಲ್ಲಿ ಹಿಡಿದು ಮುರಿದ ತಗಡಿನ ಮೇಲೆ ಕೂತಿದ್ದರು. ಪಿಯುಸಿಎಲ್ ಅನ್ನುವ ನಾಗರಿಕ ಹಕ್ಕುಗಳ ಸಂಘಟನೆ ಹೈಕೋರ್ಟಿಗೆ ಹೋಯಿತು, ಕೋರ್ಟು ತಡೆ ಕೊಟ್ಟಿತು. ಆದರೆ ಅಷ್ಟರಲ್ಲಿ ಮನೆಗಳು ಹೋಗಿಯಾಗಿತ್ತು. ನಮ್ಮ ಪತ್ರದ ನಾಲ್ಕನೇ ಸಾಲು ಓದಿದಾಗ ನನಗೆ ಅದೇ ನೆನಪಾಯಿತು.

ಮನೆ 44, 3ನೇ ಕ್ರಾಸ್ · 9:20
7ನೇ ಮನೆ ಮೇಷ್ಟ್ರು ಹೇಳಿದ್ದು ಸರಿ. ನಾನು ಈ ಗುಂಪಿನಲ್ಲಿ ಜಾಸ್ತಿ ಬರೆಯುವವನಲ್ಲ. ನಮ್ಮ ಮನೆಮಾತು ತಮಿಳು, ನಾನು ಹುಟ್ಟಿದ್ದು ಇದೇ ಊರಿನಲ್ಲಿ. 1991ರ ಡಿಸೆಂಬರ್‌ನಲ್ಲಿ ಕಾವೇರಿ ಗಲಾಟೆ ಆದಾಗ ನಾವು ಶ್ರೀರಾಮಪುರದ ಹತ್ತಿರ ಇದ್ದೆವು. ಅಪ್ಪ ಬಾಗಿಲ ಮೇಲಿನ ಹೆಸರಿನ ಹಲಗೆ ಬಿಚ್ಚಿ ಮಂಚದ ಕೆಳಗೆ ಇಟ್ಟರು. ಎದುರು ಮನೆಯ ಅಜ್ಜಿ ನಮ್ಮನ್ನು ಎರಡು ರಾತ್ರಿ ಅವರ ಅಡುಗೆಮನೆಯಲ್ಲಿ ಮಲಗಿಸಿದರು. ಹೊರಗೆ ಯಾರೋ ಬಂದು ಕೇಳಿದಾಗ "ನಮ್ಮ ಮಕ್ಕಳೇ ಇರೋದು" ಅಂದರು. ನನಗೆ ಆಗ ಒಂಬತ್ತು ವರ್ಷ. ಪತ್ರ ವಾಪಸ್ ತಗೊಳ್ಳುವುದಕ್ಕೆ ನನ್ನ ಸಹಿ ಇದೆ.

ಮನೆ 29, 2ನೇ ಕ್ರಾಸ್ · 10:02
ನಾನು ವಕೀಲೆ ಅಂತ ಕೆಲವರಿಗೆ ಗೊತ್ತು. ಕಾನೂನು ಏನು ಹೇಳುತ್ತದೆ ಅಂತ ಚಿಕ್ಕದಾಗಿ ಬರೆಯುತ್ತೇನೆ. 2024ರ ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಕಟ್ಟಡ ಕೆಡವುವ ಬಗ್ಗೆ ಇಡೀ ದೇಶಕ್ಕೆ ಅನ್ವಯಿಸುವ ಆದೇಶ ಕೊಟ್ಟಿದೆ. ಮೊದಲು ನೋಟಿಸ್, ಕನಿಷ್ಠ 15 ದಿನದ್ದು. ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಬೇಕು, ಕಟ್ಟಡಕ್ಕೂ ಅಂಟಿಸಬೇಕು. ಅವರ ಮಾತು ಕೇಳಬೇಕು. ಕಾರಣ ಬರೆದು ಆದೇಶ ಮಾಡಬೇಕು. ಆದೇಶವಾದ ಮೇಲೂ 15 ದಿನ ಕಾಯಬೇಕು. ಕೆಡವುವಾಗ ವಿಡಿಯೋ ಮಾಡಬೇಕು. ಇದನ್ನು ಮೀರಿದ ಅಧಿಕಾರಿ ಸ್ವಂತ ದುಡ್ಡಿನಿಂದ ನಷ್ಟ ಕಟ್ಟಿಕೊಡಬೇಕಾಗುತ್ತದೆ.

ಆದರೆ ಪೂರ್ತಿ ಹೇಳಬೇಕಲ್ವಾ? ರಸ್ತೆ, ಫುಟ್‌ಪಾತ್, ರೈಲು ಹಳಿ ಪಕ್ಕ, ನದಿ, ಕೆರೆಯಂಥ ಜಾಗಗಳಿಗೆ ಆ ಆದೇಶದಲ್ಲೇ ವಿನಾಯಿತಿ ಇದೆ. ಕಾಲುವೆಯ ಜಾಗದಲ್ಲಿರುವ ಶೆಡ್‌ಗಳಿಗೆ ಈ ರಕ್ಷಣೆ ಇಲ್ಲ ಅಂತ ಇಲಾಖೆಯವರು ವಾದಿಸಬಹುದು. ಆದರೆ 64ರಲ್ಲಿ ಕೆಲವು ಮಾತ್ರ ಕಾಲುವೆಯ ಜಾಗದಲ್ಲಿವೆಯಲ್ಲ. ಇನ್ನು ಯಾರು ಯಾವ ದೇಶದವರು ಅಂತ ತೀರ್ಮಾನ ಮಾಡುವುದು ಪಾಲಿಕೆ ಎಂಜಿನಿಯರ್ ಕೆಲಸ ಅಲ್ಲ, ನಮ್ಮದಂತೂ ಅಲ್ಲವೇ ಅಲ್ಲ. ಅದಕ್ಕೆ ಪೊಲೀಸರಿದ್ದಾರೆ, ವಿದೇಶಿಯರ ನೋಂದಣಿ ಕಚೇರಿ ಎಫ್‌ಆರ್‌ಆರ್‌ಓ ಇದೆ. ಯಾರೋ ಒಬ್ಬರ ಮೇಲೆ ಅನುಮಾನ ಇದ್ದರೆ ಆ ಒಬ್ಬರನ್ನು ವಿಚಾರಿಸುತ್ತಾರೆ, 64 ಮನೆ ಒಡೆಯುವುದಿಲ್ಲ.

ಮನೆ 63, 4ನೇ ಕ್ರಾಸ್ · 10:40
ನಾನು ಕಂದಾಯ ಇಲಾಖೆಯಲ್ಲಿ 31 ವರ್ಷ ಕೆಲಸ ಮಾಡಿದವನು. ನಿನ್ನೆಯೇ ಪಹಣಿ ತೆಗೆದು ನೋಡಿದೆ. ಕಾಲುವೆಯ ಜಾಗ ಬಿ ಖರಾಬು, ಅಂದರೆ ಸಾಗುವಳಿಗೆ ಕೊಡದ ಸಾರ್ವಜನಿಕ ಜಾಗ. ಅದರ ಪಕ್ಕದ್ದು ಸರ್ಕಾರಿ ಗೋಮಾಳ. ನಾನು ಹೆಜ್ಜೆ ಹಾಕಿ ನೋಡಿದ ಪ್ರಕಾರ ಹತ್ತೋ ಹನ್ನೆರಡೋ ಶೆಡ್ ಮಾತ್ರ ಕಾಲುವೆಗೆ ತಾಗಿವೆ. ಸರಿಯಾದ ಲೆಕ್ಕ ಬೇಕಾದರೆ ಸರ್ವೇಯರ್ ಬಂದು ಹದ್ದುಬಸ್ತು ಮಾಡಬೇಕು, ಅಂದರೆ ಗಡಿ ಅಳೆದು ಗುರುತಿಸಬೇಕು. ಅದಾಗದೆ ನಂಬರ್ ಬರೆದದ್ದೇ ತಪ್ಪು.

ಇನ್ನೊಂದು ವಿಷಯ. ಹೇಳಲು ಕಷ್ಟ, ಆದರೂ ಹೇಳುತ್ತೇನೆ. ಸರ್ವೇ ಆದರೆ ನಮ್ಮ 4ನೇ ಕ್ರಾಸ್‌ನ ಕೊನೆಯ ಮೂರು ಕಾಂಪೌಂಡ್ ಗೋಡೆಗಳೂ ಆ ಗೆರೆಯೊಳಗೆ ಬರುತ್ತವೆ. ಅದರಲ್ಲಿ ನನ್ನದೂ ಒಂದು. 2016ರ ಆಗಸ್ಟ್‌ನಲ್ಲಿ ಬನ್ನೇರುಘಟ್ಟ ರಸ್ತೆ ಕಡೆ ಅವನಿ ಶೃಂಗೇರಿ ನಗರದಲ್ಲಿ ಏನಾಯಿತು ನೆನಪಿದೆಯಾ? ಖಾತೆ, ಮಂಜೂರಾದ ನಕ್ಷೆ, ಬ್ಯಾಂಕ್ ಸಾಲ ಎಲ್ಲಾ ಇದ್ದ ಮನೆಗಳು. ರಾಜಕಾಲುವೆ ಮೇಲಿದೆ ಅಂತ ಒಡೆದರು. ಆ ಮನೆಯವರು ಕೇಳಿದ್ದೂ ಇದನ್ನೇ, ನಮಗೆ ಸಮಯ ಕೊಡಿ, ನಮ್ಮ ಕಾಗದ ನೋಡಿ ಅಂತ. ನನ್ನ ಗೋಡೆ ಸರ್ವೇಯಲ್ಲಿ ಬಂದರೆ ನಾನೇ ಹಿಂದಕ್ಕೆ ಕಟ್ಟಿಸುತ್ತೇನೆ. ಬರೆದುಕೊಡಲು ತಯಾರಿದ್ದೇನೆ.

ಮನೆ 55, ಮುಖ್ಯರಸ್ತೆ · 10:58
ಯಲಹಂಕ ಕಡೆ ಕೋಗಿಲಿನಲ್ಲಿ ಆದದ್ದು ನೋಡಿದ್ದೀರಲ್ಲ? ಕೆಡವಿದ ಮೇಲೆ ಮನೆ ಕೊಡುತ್ತೇವೆ ಅಂದರು. ಇಲ್ಲೂ ಹಾಗೇ ಆದರೆ ಇಲ್ಲೇ ಹುಟ್ಟಿ ಬಾಡಿಗೆ ಕಟ್ಟುತ್ತಿರುವ ಬಡವರಿಗೆ ಅನ್ಯಾಯ ಅಲ್ವಾ? ನನ್ನ ಸಿಟ್ಟು ಅದು. ನನಗೆ ಯಾರ ಮೇಲೂ ದ್ವೇಷ ಇಲ್ಲ.

ಮನೆ 38, 2ನೇ ಕ್ರಾಸ್ · 11:10
ಅಣ್ಣ, ಆ ಪ್ರಶ್ನೆ ಕೇಳಬೇಕಾದದ್ದೇ. ಬಾಡಿಗೆ ಕಟ್ಟಲಾಗದೆ ಒದ್ದಾಡುವವರಿಗೆ ಮನೆ ಸಿಗಬೇಕು, ಅದನ್ನು ಸರ್ಕಾರಕ್ಕೆ ಕೇಳೋಣ. ಆದರೆ ಕೋಗಿಲನ್ನೇ ನೋಡಿ. 2025ರ ಡಿಸೆಂಬರ್ 20ರ ಬೆಳಗ್ಗೆ, ಆ ಚಳಿಯಲ್ಲಿ, ವಸೀಂ ಲೇಔಟ್, ಫಕೀರ್ ಕಾಲೋನಿಯಲ್ಲಿ ಜೆಸಿಬಿ ಓಡಿತು. ಮೊದಲೇ ಕೂತು ಯಾರಿದ್ದಾರೆ, ಎಷ್ಟು ವರ್ಷದಿಂದ ಇದ್ದಾರೆ, ಎಲ್ಲಿಗೆ ಹೋಗುತ್ತಾರೆ ಅಂತ ಲೆಕ್ಕ ಮಾಡಿದ್ದರೆ? ಕೆಡವಿದ ಮೇಲೆ ಲೆಕ್ಕ ಶುರುವಾಯಿತು. ಅಷ್ಟರಲ್ಲಿ ಕೇರಳದ ಮುಖ್ಯಮಂತ್ರಿ ಮಾತಾಡಿದರು, ಇಲ್ಲಿನವರು ಉತ್ತರ ಕೊಟ್ಟರು, ಹೊರಗಿನವರು ಒಳಗಿನವರು ಅಂತ ಜಗಳ ಬೆಳೆಯಿತು. ಬಯಲಲ್ಲಿ ಮಲಗಿದ ಮಕ್ಕಳ ವಿಷಯ ಹಿಂದೆ ಬಿತ್ತು. ನಮ್ಮಲ್ಲಿ ಆ ಲೆಕ್ಕ ಮೊದಲೇ ಆಗಲಿ ಅಂತಲೇ ನಾನು ಕೇಳುತ್ತಿರುವುದು.

ನಾನು ನಿನ್ನೆ ಸಂಜೆ 41ರಿಂದ ಇನ್ನೂ ಮುಂದಕ್ಕೂ ಹೋದೆ. ಒಣಕಸ ಬೇರೆ ಮಾಡುವ ಒಬ್ಬರಿದ್ದಾರೆ, ನಮ್ಮ ಕ್ರಾಸ್‌ಗೆ ಬೆಳಗ್ಗೆ ಗಾಡಿ ತಳ್ಳಿಕೊಂಡು ಬರುತ್ತಾರಲ್ಲ, ಅವರು. ಅಸ್ಸಾಮಿನ ಬರಪೇಟಾದವರು. ನಾನು ಏನೂ ಕೇಳಿರಲಿಲ್ಲ. ತಗಡಿನ ಸಂದಿನಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದರು, ಅದರೊಳಗೆ ಇನ್ನೊಂದು ಕವರ್, ಅದರೊಳಗೆ ಲ್ಯಾಮಿನೇಷನ್ ಮಾಡಿಸಿದ ಒಂದು ಹಾಳೆ. 1966ರ ಮತದಾರರ ಪಟ್ಟಿ. ಅದರಲ್ಲಿ ಅವರ ತಾತನ ಹೆಸರು. ಅಲ್ಲಿ ಎನ್‌ಆರ್‌ಸಿ, ಅಂದರೆ ಪೌರರ ಪಟ್ಟಿ ಮಾಡುವಾಗ 1971ರ ಮಾರ್ಚ್ 24ರ ಮಧ್ಯರಾತ್ರಿಯವರೆಗಿನ ದಾಖಲೆ ಬೇಕಿತ್ತಲ್ಲ, ಅದಕ್ಕೆ ಮಾಡಿಸಿದ್ದು. ಊರಲ್ಲಿ ತೋರಿಸಿದೆ, ಇಲ್ಲೂ ತೋರಿಸುತ್ತಿದ್ದೇನೆ ಅಂತ ಹಿಂದಿಯಲ್ಲಿ ಹೇಳಿದರು. ಹಾಳೆಯ ಅಂಚು ಸವೆದು ಬೆಳ್ಳಗಾಗಿದೆ. ನಮ್ಮಲ್ಲಿ ಎಷ್ಟು ಜನರ ಹತ್ತಿರ ತಾತನ ವೋಟರ್ ಲಿಸ್ಟ್ ಇದೆ ಹೇಳಿ. ನನ್ನ ಹತ್ತಿರ ಇಲ್ಲ.

ಅವರ ಹತ್ತಿರ ವೈರ್ ಸುಡುವ ವಿಷಯವನ್ನೂ ಮಾತಾಡಿದೆ. ಸುಡುವುದು ಶೆಡ್‌ನವರಲ್ಲ, ರಾತ್ರಿ ಟೆಂಪೋದಲ್ಲಿ ತಂದು ತಾಮ್ರಕ್ಕಾಗಿ ಸುಡುವ ಬೇರೆಯವರು ಅಂದರು. ನಿಜವೋ ಸುಳ್ಳೋ, ನಾವೇ ಒಂದು ರಾತ್ರಿ ನಿಂತು ನೋಡೋಣ. 12ನೇ ಮನೆಯವರೇ, ನೀವೂ ಬನ್ನಿ.

ಮನೆ 12, 1ನೇ ಕ್ರಾಸ್ · 11:25
ಬರುತ್ತೇನೆ. ಟೆಂಪೋ ನಾನೂ ಎರಡು ಸಲ ನೋಡಿದ್ದೇನೆ, ಅವರದೇ ಅಂದುಕೊಂಡಿದ್ದೆ. ಹೂಳಿನ ಪತ್ರ ಮಾತ್ರ ಬಿಡುವ ಹಾಗಿಲ್ಲ. ಮಳೆಗಾಲಕ್ಕೆ ಮುಂಚೆ ಕೆಲಸ ಆಗಲೇಬೇಕು.

ಸಂಘದ ಕಾರ್ಯದರ್ಶಿ · 12:15
ಎಲ್ಲಾ ಓದಿದೆ. ಆ ಸಾಲು ಬರೆದದ್ದು ನಾನೇ. ಮೂರು ಸಲ ಹೂಳಿಗೆ ಪತ್ರ ಕೊಟ್ಟಿದ್ದೆ, ಯಾರೂ ಬರಲಿಲ್ಲ. "ಹೀಗೆ ಸೇರಿಸಿ ಬರೆಯಿರಿ, ಬೇಗ ಕೆಲಸ ಆಗುತ್ತದೆ" ಅಂತ ಒಬ್ಬರು ಹೇಳಿದರು. ಕೆಲಸ ಆಗಲಿ ಅಂತ ಸೇರಿಸಿದೆ. ನಂಬರ್ ಬರೆಯುತ್ತಾರೆ, ಮನೆ ಒಡೆಯುತ್ತಾರೆ ಅಂತ ಅಂದುಕೊಂಡಿರಲಿಲ್ಲ. ಹಾಜರಿ ಸಹಿಯನ್ನು ಜೊತೆಗೆ ಇಟ್ಟದ್ದೂ ತಪ್ಪು. ಆ 112 ಜನರಿಗೂ ಕ್ಷಮೆ ಕೇಳುತ್ತೇನೆ. ಆ ಅಕ್ಕನಿಗೂ ನಾನೇ ಹೋಗಿ ಹೇಳುತ್ತೇನೆ.

ಮನೆ 7, 1ನೇ ಕ್ರಾಸ್ · 12:21
ನೀವು ಹತ್ತು ವರ್ಷ ಈ ಬಡಾವಣೆಗೆ ಓಡಾಡಿದ್ದೀರಿ, ಅದು ನಮಗೆ ಗೊತ್ತಿದೆ. ನಾಳೆ ನಾನೂ ಜೊತೆಗೆ ಬರುತ್ತೇನೆ.

ಮನೆ 29, 2ನೇ ಕ್ರಾಸ್ · 13:05
ಹೊಸ ಪತ್ರದ ಕರಡು ಮಾಡಿದ್ದೇನೆ. ನಮ್ಮ ಹಿಂದಿನ ಪತ್ರದ ನಾಲ್ಕನೇ ಸಾಲಿಗೆ ನಮ್ಮ ಹತ್ತಿರ ಯಾವ ಆಧಾರವೂ ಇಲ್ಲ, ಅದನ್ನು ವಾಪಸ್ ಪಡೆದಿದ್ದೇವೆ, ಅದರ ಮೇಲೆ ಯಾವ ಕ್ರಮವೂ ಬೇಡ ಅಂತ ಮೊದಲಿಗೇ ಬರೆದಿದ್ದೇನೆ. ಆಮೇಲೆ ಕಾಲುವೆಯ ಹದ್ದುಬಸ್ತು ಮಾಡಿ, ಬಡಾವಣೆಯ ಗೋಡೆಗಳನ್ನೂ ಸೇರಿಸಿ. ಯಾರನ್ನು ಎಬ್ಬಿಸಬೇಕಾದರೂ ಲಿಖಿತ ನೋಟಿಸ್ ಕೊಡಿ, ಅವರ ಮಾತು ಕೇಳಿ, ಇರಲು ಬೇರೆ ಜಾಗ ತೋರಿಸಿ. ಅಲ್ಲಿನ ಮಕ್ಕಳು ನಮ್ಮ ಸರ್ಕಾರಿ ಶಾಲೆಯಲ್ಲಿ ಓದುತ್ತಾರೆ, ಪರೀಕ್ಷೆ ಮುಗಿಯುವವರೆಗೆ ಯಾರನ್ನೂ ಎಬ್ಬಿಸಬೇಡಿ. ಹೂಳು ಮಾತ್ರ ಈಗಲೇ ತೆಗೆಯಿರಿ. ಪಾಲಿಕೆಗೆ ಒಂದು, ತಹಸೀಲ್ದಾರರಿಗೆ ಒಂದು, ಪೊಲೀಸ್ ಠಾಣೆಗೆ ಒಂದು ಪ್ರತಿ. ಮೂರೂ ಕಡೆ ಸೀಲ್ ಹಾಕಿಸಿ ಸ್ವೀಕೃತಿ ತಗೊಳ್ಳಬೇಕು. ಸ್ವೀಕೃತಿ ಇಲ್ಲದಿದ್ದರೆ ಕೊಟ್ಟದ್ದಕ್ಕೆ ಸಾಕ್ಷಿ ಇರುವುದಿಲ್ಲ. ಸೋಮವಾರಕ್ಕೆ ಮುಂಚೆ ಉತ್ತರ ಬರದಿದ್ದರೆ ಶೆಡ್‌ನವರ ಪರವಾಗಿ ಕೋರ್ಟಿಗೆ ಹೋಗಲು ಕಾಗದ ಸಿದ್ಧ ಮಾಡಿಡುತ್ತೇನೆ, ಫೀಸು ಬೇಡ.

ಮನೆ 38, 2ನೇ ಕ್ರಾಸ್ · 18:40
ಇದುವರೆಗೆ 71 ಮನೆಯವರು ಹೊಸ ಪತ್ರಕ್ಕೆ ಸಹಿ ಹಾಕಿದ್ದಾರೆ. ಈ ಸಲ ಪತ್ರ ಓದಿಸಿ, ಆಮೇಲೆ ಸಹಿ ತಗೊಳ್ಳುತ್ತಿದ್ದೇವೆ. ಒಂಬತ್ತು ಮನೆಯವರು ಬೇಡ ಅಂದರು. ಒತ್ತಾಯ ಮಾಡಿಲ್ಲ. 55ನೇ ಮನೆಯವರು ಹೂಳಿನ ಭಾಗಕ್ಕೆ ಮಾತ್ರ ಸಹಿ ಅಂತ ಪಕ್ಕದಲ್ಲಿ ಬರೆದು ಹಾಕಿದ್ದಾರೆ, ಅದೂ ಸರಿ.

ರಾತ್ರಿ 8ಕ್ಕೆ ಶೆಡ್‌ನವರ ಕಾಗದಗಳ ಝೆರಾಕ್ಸ್ ಮಾಡಿಸಬೇಕು, ಮನೆಗೊಂದು ಸೆಟ್. ಅಸಲು ಕಾಗದ ಯಾರ ಕೈಗೂ ಕೊಡಬೇಡಿ ಅಂತ ಅವರಿಗೆ ಹೇಳಿದ್ದೇನೆ. ಶೆಡ್ 41ರ ಅಕ್ಕನ ಹೆಸರು ಆಧಾರ್‌ನಲ್ಲಿ ಒಂದು ಥರ, ರೇಷನ್ ಕಾರ್ಡ್‌ನಲ್ಲಿ ಇನ್ನೊಂದು ಥರ ಇದೆ. ವಕೀಲರ ಹತ್ತಿರ ಕೇಳಿ ಒಂದು ಅಫಿಡವಿಟ್ ಮಾಡಿಸಬೇಕು. ಬರೆಯಲು ಬರುವವರು ನಾಲ್ಕು ಜನ ಬೇಕು, ಒಬ್ಬರಿಗಾದರೂ ಹಿಂದಿ ಚೆನ್ನಾಗಿ ಬರಬೇಕು.

ಸಂಘದ ಕಾರ್ಯದರ್ಶಿ · 18:52
ಸೀಲು, ಲೆಟರ್‌ಹೆಡ್ ಎರಡೂ ತರುತ್ತೇನೆ. ನಾಳೆ 10 ಗಂಟೆಗೆ ಗಣಪತಿ ಗುಡಿ ಮುಂದೆ ಸೇರೋಣ, 10:30ಕ್ಕೆ ಕಚೇರಿಯಲ್ಲಿರಬೇಕು. ಕಾರಿನಲ್ಲಿ ಮೂರು ಜನಕ್ಕೆ ಜಾಗ ಇದೆ.

ಮನೆ 38, 2ನೇ ಕ್ರಾಸ್ · 18:55
ಆ ಮೂರರಲ್ಲಿ ಎರಡು ಜಾಗ ಶೆಡ್‌ನವರಿಗೆ ಇರಲಿ, 41ರ ಅಕ್ಕ ಬರುತ್ತೇನೆ ಅಂದಿದ್ದಾರೆ. 63ನೇ ಮನೆ ಸರ್, ಪಹಣಿ ಪ್ರಿಂಟ್ ಮರೆಯದೆ ತನ್ನಿ. ಪ್ರಿಂಟರ್ ಸರಿ ಇಲ್ಲದಿದ್ದರೆ ಈಗಲೇ ನನಗೆ ಕಳಿಸಿ, ಝೆರಾಕ್ಸ್ ಅಂಗಡಿ 9ಕ್ಕೆ ಮುಚ್ಚುತ್ತಾರೆ.