ಸ್ಟ್ರೈಪ್, ಚಂಕ್, ಅರೇ: ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಲಿನಕ್ಸ್ ಡೆಸ್ಕ್‌ಟಾಪಿನಲ್ಲಿ ಎರಡು ಎಸ್‌ಎಸ್‌ಡಿ ಸೇರಿಸಿ ರೈಡ್ 0 (ಹಲವು ಡಿಸ್ಕುಗಳನ್ನು ಒಂದರಂತೆ ಬಳಸುವ 'ರೈಡ್' ವಿಧಾನದ ಒಂದು ಬಗೆ) ಮಾಡಿಕೊಳ್ಳುವುದು ಹೇಗೆ ಅಂತ ಕನ್ನಡದಲ್ಲಿ ಕೈಪಿಡಿ ಬರೆಯುತ್ತಿದ್ದೇನೆ. ಒಂದೇ ಡೇಟಾವನ್ನು ಎರಡು ಡಿಸ್ಕಿನಲ್ಲೂ ಇಡುವ ಮಿರರಿಂಗ್‌ಗೆ ತೊಂದರೆಯಾಗಲಿಲ್ಲ. 'ಕನ್ನಡಿ ಪ್ರತಿ' ಅಂದರೆ ಸಾಕು, ತಿಳಿಯುತ್ತದೆ. ಸಿಕ್ಕಿಕೊಂಡಿರುವುದು ಸ್ಟ್ರೈಪಿಂಗ್ ಹತ್ತಿರ.

ಗೊತ್ತಿಲ್ಲದವರಿಗಾಗಿ: ಬರೆಯಬೇಕಾದ ಡೇಟಾವನ್ನು ಒಂದೇ ಅಳತೆಯ ತುಂಡುಗಳಾಗಿ ಮಾಡಿ, ಇಸ್ಪೀಟಿನ ಎಲೆ ಹಂಚಿದ ಹಾಗೆ ಈ ಡಿಸ್ಕಿಗೊಂದು, ಆ ಡಿಸ್ಕಿಗೊಂದು ಹಾಕುತ್ತಾ ಹೋಗುವುದು. ಎರಡೂ ಡಿಸ್ಕ್ ಒಟ್ಟಿಗೆ ದುಡಿಯುವುದರಿಂದ ದೊಡ್ಡ ಫೈಲುಗಳ ಕೆಲಸ ಬೇಗ ಆಗುತ್ತದೆ. ಆದರೆ ಎಲ್ಲೂ ನಕಲು ಇರುವುದಿಲ್ಲ. ಒಂದು ಡಿಸ್ಕ್ ಕೆಟ್ಟರೆ ಎಲ್ಲವೂ ಹೋದಂತೆಯೇ. ರೈಡ್ ಹೆಸರಿನ ಮೊದಲ ಅಕ್ಷರವೇ 'ರಿಡಂಡೆಂಟ್', ಅಂದರೆ ಕೆಟ್ಟರೂ ನಡೆಯಲು ಹೆಚ್ಚುವರಿ ಇಟ್ಟುಕೊಂಡದ್ದು, ಅಲ್ವಾ? 1988ರ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಅವರ ಪ್ರಬಂಧದಲ್ಲಿ 1ರಿಂದ 5ರವರೆಗಿನ ಬಗೆಗಳು ಮಾತ್ರ ಇದ್ದವು. ಸೊನ್ನೆ ಆಮೇಲೆ ಸೇರಿಕೊಂಡಿತು.

ಮೊದಲು ಹೊಳೆದದ್ದು 'ಪಟ್ಟೆ'. ಹುಲಿಯ ಮೈಮೇಲಿರುವುದು, ಸೀರೆಯ ಮೇಲಿರುವುದು. ಚಿತ್ರ ಬರೆದು ತೋರಿಸುವಾಗ ಚೆನ್ನಾಗಿ ಹೊಂದುತ್ತದೆ. ಕ್ರಿಯಾಪದ ಬೇಕಾದಾಗ ಕೈಕೊಡುತ್ತದೆ. 'ಡಿಸ್ಕುಗಳಿಗೆ ಪಟ್ಟೆ ಹಾಕಿ' ಅಂದರೆ ಓದುಗರು ಬಣ್ಣದ ಡಬ್ಬಿ ಹುಡುಕಬೇಕು. 'ಪಟ್ಟಿ' ಅನ್ನುವಂತಿಲ್ಲ, ಅದು ಲಿಸ್ಟ್ ಆಗಿಹೋಗಿದೆ. 'ಹಂಚಿಕೆ' ಅಂದರೆ ಫೋಲ್ಡರ್ ಶೇರ್ ಮಾಡುವುದು ಅಂದುಕೊಳ್ಳುತ್ತಾರೆ.

ಇಂಗ್ಲಿಷಿನಲ್ಲಾದರೂ ಇದು ನೇರವಾಗಿದೆಯಾ ಅಂದರೆ, ಇಲ್ಲ. ಲಿನಕ್ಸಿನಲ್ಲಿ ರೈಡ್ ಮಾಡುವ ಎಂಡಿಎಡಿಎಂ ಅನ್ನುವ ಸಾಧನ ಬಳಸುವಾಗ ಒಂದು ಡಿಸ್ಕಿಗೆ ಒಂದು ಸಲಕ್ಕೆ ಹೋಗುವ ಭಾಗ 'ಚಂಕ್'. ನಾವು ಏನೂ ಹೇಳದಿದ್ದರೆ ಅದು 512 ಕೆಬಿ. ಎಲ್ಲ ಡಿಸ್ಕಿಗೂ ಒಂದೊಂದು ಚಂಕ್ ಬಿದ್ದರೆ ಒಂದು 'ಸ್ಟ್ರೈಪ್'. ಅಂದರೆ ಎರಡು ಡಿಸ್ಕಿಗೆ 1024 ಕೆಬಿ. ಡಿಸ್ಕಿನ ಜಾಗ ನೋಡಿಕೊಳ್ಳುವ ಇನ್ನೊಂದು ಸಾಧನ ಎಲ್‌ವಿಎಂಗೆ ಬಂದರೆ ಒಂದು ಡಿಸ್ಕಿನ ಭಾಗವನ್ನೇ 'ಸ್ಟ್ರೈಪ್ ಸೈಜ್' ಅನ್ನುತ್ತಾರೆ, ಅಲ್ಲಿ ಸುಮ್ನೆ ಬಿಟ್ಟರೆ 64 ಕೆಬಿ. ಇನ್ನು ಅಲ್ಲಿಯೇ 'ಸ್ಟ್ರೈಪ್ಸ್ ಎಷ್ಟು' ಅಂತ ಕೇಳಿದರೆ ಡಿಸ್ಕ್ ಎಷ್ಟು ಅಂತ ಅರ್ಥ! ಒಂದೇ ಪದ, ಮೂರು ಅರ್ಥ. ಸ್ಟ್ರೈಪ್ ಕಂಡಲ್ಲೆಲ್ಲ 'ಪಟ್ಟೆ' ಅಂತ ಬರೆದುಕೊಂಡು ಹೋದರೆ ಈ ಗೊಂದಲವೂ ಹಾಗೇ ಕನ್ನಡಕ್ಕೆ ಬಂದುಬಿಡುತ್ತದೆ. ಅದು ನನಗೆ ಬೇಡ.

ಸದ್ಯಕ್ಕೆ ಚಂಕ್‌ಗೆ 'ತುಂಡು', ಎಲ್ಲ ಡಿಸ್ಕಿಗೂ ಒಂದು ಸಲ ಹಂಚಿ ಮುಗಿದದ್ದಕ್ಕೆ 'ಸುತ್ತು' ಅಂತ ಇಟ್ಟುಕೊಂಡಿದ್ದೇನೆ. 'ಸಾಲು' ಅನ್ನಬಹುದಿತ್ತು. ಆದರೆ ಅದೇ ಪುಟದಲ್ಲಿ 'ಕಾನ್ಫಿಗ್ ಫೈಲಿಗೆ ಈ ಸಾಲು ಸೇರಿಸಿ' ಅಂತಲೂ ಬರೆಯಬೇಕಿದೆ. ಸುತ್ತು ಅಂದರೆ ಡಿಸ್ಕ್ ತಿರುಗುತ್ತದೆ ಅಂದುಕೊಳ್ಳುತ್ತಾರೇನೋ ಅನ್ನುವ ಸಣ್ಣ ಅಳುಕಿದೆ. ಎಸ್‌ಎಸ್‌ಡಿ ಒಳಗೆ ತಿರುಗುವುದೇನೂ ಇಲ್ಲವಲ್ಲ.

ಇನ್ನೊಂದು ಪದ 'ಅರೇ', ಅಂದರೆ ಹೀಗೆ ಒಟ್ಟು ಸೇರಿಸಿದ ಡಿಸ್ಕುಗಳ ಗುಂಪು. ಪ್ರೋಗ್ರಾಮಿಂಗ್ ಬರಹಗಳಲ್ಲಿ 'ಸರಣಿ' ಅನ್ನುತ್ತಾರೆ. ಇಲ್ಲಿ ಅದು ದಾರಿ ತಪ್ಪಿಸುತ್ತದೆ. ಶಾಲೆಯ ವಿಜ್ಞಾನದಲ್ಲಿ ಸರಣಿ ಜೋಡಣೆ, ಸಮಾಂತರ ಜೋಡಣೆ ಅಂತ ಓದಿದವರಿಗೆ 'ಡಿಸ್ಕ್ ಸರಣಿ' ಅಂದರೆ ಒಂದರ ಹಿಂದೆ ಒಂದು ಅನ್ನಿಸುತ್ತದೆ. ಒಂದು ಡಿಸ್ಕ್ ತುಂಬಿದ ಮೇಲೆ ಇನ್ನೊಂದಕ್ಕೆ ಹೋಗುವ ಬಗೆ ಲಿನಕ್ಸಿನಲ್ಲಿ ಬೇರೆಯೇ ಇದೆ, ಅದರ ಹೆಸರು 'ಲೀನಿಯರ್'. ಸ್ಟ್ರೈಪಿಂಗ್ ಅದಕ್ಕೆ ಪೂರ್ತಿ ಉಲ್ಟಾ. ಹಾಗಾಗಿ 'ಡಿಸ್ಕ್ ಕೂಟ' ಅಂತ ಬರೆದಿದ್ದೇನೆ.

ನನ್ನ ಪ್ರಶ್ನೆ ಇಷ್ಟು. 'ಸ್ಟ್ರೈಪ್ ಮಾಡು' ಅನ್ನುವುದಕ್ಕೆ 'ಸರದಿಯಲ್ಲಿ ಹಂಚು' ಅಂದರೆ ನಿಮಗೆ ತಟ್ಟನೆ ಅರ್ಥವಾಗುತ್ತದೆಯೇ, ಇಲ್ಲಾ ತೀರಾ ಉದ್ದವಾಯಿತೇ? ನೇಯ್ಗೆಯವರ ಮಾತಿನಲ್ಲಿ ಬೇರೆ ಬೇರೆ ಬಣ್ಣದ ಎಳೆಗಳನ್ನು ಸರದಿಯಂತೆ ಹಾಕುವುದಕ್ಕೆ ಚಿಕ್ಕದೊಂದು ಪದ ಇದ್ದರೆ, ಇಳಕಲ್ ಕಡೆಯವರು ಯಾರಾದರೂ ದಯವಿಟ್ಟು ತಿಳಿಸಿ.