ದನ ಮೇಯುವ ಬೀಳಿನಲ್ಲಿರುವ ಇಂಗಾಲವನ್ನು ಅಂದಾಜು ಮಾಡುವುದು ಹೇಗೆ?

ಪ್ರಶ್ನೆ:
ಕಡೂರು ತಾಲ್ಲೂಕಿನಲ್ಲಿ ನಮ್ಮ ಮನೆತನದ 40 ಎಕರೆ ಬೀಳು ಇದೆ. ತಾತನ ಕಾಲದಿಂದಲೂ ಅದನ್ನು ಉಳದೆ ಹಳ್ಳಿಕಾರ್ ದನಗಳ ಮೇವಿಗೆಂದೇ ಬಿಟ್ಟಿದ್ದೇವೆ. ಅಲ್ಲಲ್ಲಿ ಕರಿಜಾಲಿ, ತುಗ್ಗಲಿ, ಬೇವಿನ ಮರಗಳಿವೆ, ನಡುನಡುವೆ ಕಾರೆ, ತಂಗಡಿ ಪೊದೆಗಳು, ಉಳಿದದ್ದೆಲ್ಲ ಹುಲ್ಲು. ಒಂದು ಮರವನ್ನೂ ಕಡಿಯದೆ ಇವುಗಳಲ್ಲಿರುವ ಇಂಗಾಲವನ್ನು ಅಂದಾಜು ಮಾಡಬೇಕಾಗಿದೆ. ಪ್ರತಿ ಮರವನ್ನೂ ಅಳೆಯಲೇಬೇಕೇ? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1:
ಬೇಕಿಲ್ಲ. 17.84 ಮೀಟರ್ ಹಗ್ಗವನ್ನು ಗೂಟಕ್ಕೆ ಕಟ್ಟಿ ಸುತ್ತು ಹಾಕಿದರೆ ಸಾವಿರ ಚದರ ಮೀಟರಿನ, ಅಂದರೆ ಸುಮಾರು ಹತ್ತು ಗುಂಟೆಯ ಮಾದರಿ ತಾಕು ಸಿಗುತ್ತದೆ. ಹಳ್ಳದ ದಂಡೆಗೂ ದಿಣ್ಣೆಗೂ ಬೇರೆ ಬೇರೆ ತಾಕುಗಳಿರಲಿ, ಅವುಗಳ ಜಾಗವನ್ನು ಮನೆಯಲ್ಲೇ ನಕ್ಷೆಯ ಮೇಲೆ ಗುರುತಿಸಿಕೊಳ್ಳಿ. ಅಲ್ಲಿಗೆ ಹೋಗಿ ಆರಿಸತೊಡಗಿದರೆ ಕಾಲು ತಾನಾಗಿ ಮರವಿರುವ ಕಡೆಗೇ ನಡೆಯುತ್ತದೆ.

ತಾಕಿನೊಳಗಿನ ಮರಗಳ ಸುತ್ತಳತೆಯನ್ನು ನೆಲದಿಂದ 1.3 ಮೀಟರ್ ಎತ್ತರದಲ್ಲಿ ಅಳೆದು 3.14ರಿಂದ ಭಾಗಿಸಿದರೆ ವ್ಯಾಸ ದೊರೆಯುತ್ತದೆ. ಉಷ್ಣವಲಯದ ಮರಗಳಿಗೆಂದು 2014ರಲ್ಲಿ ಪ್ರಕಟವಾದ ಸಮೀಕರಣದಂತೆ, ಕಟ್ಟಿಗೆಯ ಸಾಂದ್ರತೆ (ಒಂದು ಘನ ಸೆಂಟಿಮೀಟರಿಗೆ ಎಷ್ಟು ಗ್ರಾಂ ಎಂಬುದು), ಸೆಂಟಿಮೀಟರಿನಲ್ಲಿ ವ್ಯಾಸದ ವರ್ಗ, ಮೀಟರಿನಲ್ಲಿ ಎತ್ತರ ಈ ಮೂರನ್ನೂ ಗುಣಿಸಿ, ಬಂದುದನ್ನು 0.976ರ ಘಾತಕ್ಕೇರಿಸಿ, 0.0673ರಿಂದ ಗುಣಿಸಬೇಕು. 63 ಸೆಂಟಿಮೀಟರ್ ಸುತ್ತಳತೆಯ, ಏಳು ಮೀಟರ್ ಎತ್ತರದ, 0.7 ಸಾಂದ್ರತೆಯ ಮರಕ್ಕೆ ನೆಲದ ಮೇಲಿನ ಒಣ ತೂಕ ಸುಮಾರು 110 ಕಿಲೋ ಬರುತ್ತದೆ. ಅದರಲ್ಲಿ ಇಂಗಾಲ ಶೇ. 47, ಅಂದರೆ 52 ಕಿಲೋ. ಬೇರಿನ ಪಾಲನ್ನು ಪ್ರತ್ಯೇಕವಾಗಿ ಸೇರಿಸಬೇಕು.

ಉತ್ತರ 2:
ಮೇಲಿನ ವಿಧಾನ ಸರಿಯಾಗಿದೆ, ಆದರೆ ಒಂದು ಎಚ್ಚರಿಕೆ ಬೇಕು. ಎತ್ತರ ಒಂದೇ ಆಗಿದ್ದು ಸುತ್ತಳತೆ ಇಮ್ಮಡಿಯಾದರೆ ತೂಕ ಹೆಚ್ಚುಕಡಿಮೆ ನಾಲ್ಕು ಪಟ್ಟಾಗುತ್ತದೆ. ಹಳೆಯ ಬೇವೊಂದು ಆಕಸ್ಮಿಕವಾಗಿ ತಾಕಿನೊಳಗೆ ಬಿದ್ದರೆ ಇಡೀ 40 ಎಕರೆಯ ಲೆಕ್ಕವೇ ಉಬ್ಬುತ್ತದೆ. ಆದ್ದರಿಂದ ದೊಡ್ಡ ಮರಗಳನ್ನು ತಾಕಿನ ಲೆಕ್ಕದಿಂದ ತೆಗೆದು, ಬೀಳಿನಲ್ಲಿರುವಷ್ಟನ್ನೂ ಒಂದೊಂದಾಗಿ ಅಳೆಯಿರಿ.

ಹುಲ್ಲನ್ನು ಒಂದು ಮೀಟರ್ ಚೌಕದಲ್ಲಿ ಬುಡದವರೆಗೆ ಕೊಯ್ದು, ಒಣಗಿಸಿ ತೂಗಬಹುದು. ಆದರೆ ಅದು ಕೂಡಿಟ್ಟ ಇಂಗಾಲವಲ್ಲ. ಈ ವರ್ಷ ಬೆಳೆದದ್ದನ್ನು ದನವೋ ಗೆದ್ದಲೋ ತಿಂದು ಮುಗಿಸುತ್ತದೆ. ಹುಲ್ಲುಗಾವಲಿನ ನಿಜವಾದ ಸಂಗ್ರಹ ಬೇರು ಮತ್ತು ಮಣ್ಣಿನಲ್ಲಿದೆ. ಮರದ ಅಂಕಿಯನ್ನು ಏರಿಸಲು ಬಳ್ಳಾರಿ ಜಾಲಿ ಹಬ್ಬುವುದಕ್ಕೆ ಮಾತ್ರ ಬಿಡಬೇಡಿ, ಅದರ ಮೆಳೆಯಲ್ಲಿ ದನಕ್ಕೆ ಮೇವು ಉಳಿಯುವುದಿಲ್ಲ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ಇಂದು ಅಳೆಯಲು ಹೋದಾಗ ಒಂದು ಕರಿಜಾಲಿ ಮೊಣಕಾಲೆತ್ತರದಲ್ಲೇ ಮೂರು ಕವಲಾಗಿತ್ತು. ವ್ಯಾಸಗಳು 10, 12 ಮತ್ತು 15 ಸೆಂಟಿಮೀಟರ್. ಇವನ್ನು ಕೂಡಬೇಕೇ?

ಉತ್ತರ 1:
ಹಾಗೆಯೇ ಕೂಡಬೇಡಿ. ಮೂರರ ವರ್ಗಗಳನ್ನು ಕೂಡಿದರೆ 469, ಅದರ ವರ್ಗಮೂಲ 21.7, ಅದನ್ನೇ ವ್ಯಾಸವೆಂದು ಹಿಡಿಯಿರಿ. 37 ಎಂದು ಬರೆದರೆ ತೂಕ ಸುಮಾರು ಮೂರು ಪಟ್ಟು ಹೆಚ್ಚಿಬಿಡುತ್ತದೆ. ಟೇಪು ಸುತ್ತಿದ ಜಾಗಕ್ಕೆ ಬಣ್ಣದ ಪಟ್ಟೆ ಬಳಿದಿಡಿ. ಐದು ವರ್ಷದ ನಂತರ ಅಳೆಯುವವರಿಗೂ ಅದೇ ಎತ್ತರ ಸಿಗಬೇಕು.